ಗೋಪುರದ ಮೌನ – ಏಳನೇ ಕಂತು: ಮೊಂಡು ಪಿನ್ನು

"ಇದು ಯಾರ ಕೈಕೆಲಸ, ಹೇಳು."

ಲೆನ್ಸಮ್ಮ ಕರವಸ್ತ್ರದ ಗಂಟು ಬಿಚ್ಚಿ, ಒಳಗಿದ್ದುದನ್ನು ಮೆಕ್ಯಾನಿಕ್‌ನ ಮೇಜಿನ ಮೇಲಿಟ್ಟಳು. ಹೆಬ್ಬೆರಳಿನಷ್ಟು ದಪ್ಪದ, ಬೆಳ್ಳಿ ಲೇಪದ ಕನೆಕ್ಟರ್. ಅದರ ಬಾಲಕ್ಕೆ ಗೇಣುದ್ದದ ಕಪ್ಪು ಕೇಬಲ್ ತುಂಡು.

ಮೆಕ್ಯಾನಿಕ್ ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ಕನೆಕ್ಟರನ್ನು ಮುಟ್ಟಲಿಲ್ಲ. ಕೂತಲ್ಲಿಂದಲೇ ನೋಡಿದ.

"ಚೆನ್ನಾಗಿದೀರಾ ಅಕ್ಕ?"

"ನಾಲ್ಕು ವರ್ಷ ಆದ್ಮೇಲೆ ಕೇಳ್ತಿದೀಯ. ಚೆನ್ನಾಗಿದೀನಿ. ಈಗ ನಾನು ಕೇಳಿದ್ದಕ್ಕೆ ಉತ್ತರ ಹೇಳು."

ಬೆಂಕಿ ಕಾವಲು ಗೋಪುರದ ಕಾವಲುಗಾರ ಕಾಲು ಮುರಿದುಕೊಂಡು, ರೇಡಿಯೋದ ಮೈಕನ್ನು ಕೈಯಲ್ಲಿ ಹಿಡಿದಂತೆಯೇ ಸತ್ತು ಇಂದಿಗೆ ಇಪ್ಪತ್ತು ದಿನ. ಅರಣ್ಯ ಇಲಾಖೆಯ ಸಾಹೇಬರು ಅದನ್ನು 'ಅಪಘಾತ' ಎಂದು ಬರೆದು ಕಡತ ಮುಚ್ಚಿದ್ದರು. ಅದನ್ನು ನಂಬದ ಅವನ ತಂಗಿ ಲೆನ್ಸಮ್ಮನ ಬಾಗಿಲು ತಟ್ಟಿದ್ದಳು.

ಲೆನ್ಸಮ್ಮ ಅದೇ ಇಲಾಖೆಯ ರೇಡಿಯೋ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಕೇಬಲ್‌ಗಳಿಗೆ ಕನೆಕ್ಟರ್ ಕೂರಿಸಿದವಳು. ಕೊರಳಲ್ಲಿ ಸದಾ ತೂಗುವ ಭೂತಗನ್ನಡಿ ಅವಳ ಹುಟ್ಟುಹೆಸರನ್ನೇ ನುಂಗಿಹಾಕಿತ್ತು. ನಿವೃತ್ತಿಯ ನಂತರ, ಕೆಟ್ಟ ಯಂತ್ರ ಏಕೆ ಕೆಟ್ಟಿತು ಎಂದು ಹುಡುಕಿಕೊಡುವುದೇ ಅವಳ ಕೆಲಸ. ಮನೆಯಲ್ಲಿ ಅವಳ ಮಾತಿಗೆ ಹೂಂಗುಟ್ಟುವವರು ಯಾರೂ ಇರಲಿಲ್ಲ. ಹಾಗಾಗಿ ಮಾತಾಡುವ ಅಭ್ಯಾಸವೇ ತಪ್ಪಿಹೋಗಿ, ಗಂಟಲು ಬೆಳಗಿನ ಹೊತ್ತು ತುಕ್ಕು ಹಿಡಿದ ಬಾಗಿಲ ಕೀಲಿನಂತೆ ಕಿರುಗುಟ್ಟುತ್ತಿತ್ತು.

ಮೆಕ್ಯಾನಿಕ್‌ಗೆ ಈಗ ನಲವತ್ತು ದಾಟಿರಬೇಕು. ಆರು ವರ್ಷ ಅವಳ ಪಕ್ಕದ ಸ್ಟೂಲಿನಲ್ಲೇ ಕೂತು ಕೆಲಸ ಕಲಿತಿದ್ದ. ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋಗಿ, ಈ ಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ. ಇಲಾಖೆಯ ಕೆಲಸವೂ ಆಮೇಲೆ ಅವನ ಕೈಗೇ ಬಂತು. ಅವಳ ಪಕ್ಕದ ಸ್ಟೂಲು ಖಾಲಿಯೇ ಉಳಿಯಿತು.

"ನಾನೇ ಹೇಳ್ತೀನಿ, ಕೇಳು," ಎಂದಳು. ಕನೆಕ್ಟರಿನ ಹಿಂದಿನ ನಟ್ಟು ತಿರುಗಿಸಿ ಕೇಬಲ್ಲನ್ನು ಹೊರಗೆಳೆದಳು. ಕಪ್ಪು ಸಿಪ್ಪೆಯ ಕೆಳಗೆ, ಹೆಣೆದ ತಾಮ್ರದ ಜಾಲರಿ ಹೂವಿನ ದಳದ ಹಾಗೆ ಹಿಂದಕ್ಕೆ ಮಡಿಚಿಕೊಂಡಿತ್ತು. "ಜಾಲರೀನ ಬಾಚಿದಾರೆ. ಒಂದೆಳೆ ಮುರಿದಿಲ್ಲ, ಒಂದೆಳೆ ಅಡ್ಡ ಬಂದಿಲ್ಲ. ಈ ಊರಲ್ಲಿ ಜಾಲರಿ ಬಾಚೋರು ಇಬ್ಬರೇ. ಒಬ್ಬಳು ನಾನು."

"ಉಳಿದೋರು ಕತ್ತರಿಸಿ ಬಿಸಾಕ್ತಾರೆ," ಎಂದ ಮೆಕ್ಯಾನಿಕ್, ತನಗೇ ಹೇಳಿಕೊಳ್ಳುವವನಂತೆ.

"ಅಂದ್ರೆ ನಿಂದೇ."

"ನಂದೇ ಅಕ್ಕ."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಅಂಗಡಿ ಓಣಿಯಷ್ಟೇ ಅಗಲ. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿದ ರೇಡಿಯೋಗಳು. ಮಧ್ಯಾಹ್ನದ ಬಿಸಿಲು ಬಾಗಿಲ ತನಕ ಬಂದು ಅಲ್ಲೇ ನಿಂತಿತ್ತು.

"ಹಾಗಾದ್ರೆ ಮುಂದಿನ ಬಾಯಿ ನೋಡು."

ಅವನು ಕೊನೆಗೂ ಕೈಗೆತ್ತಿಕೊಂಡ. ಕನೆಕ್ಟರಿನ ಬಾಯೊಳಗೆ, ಬಿಳಿ ಪ್ಲಾಸ್ಟಿಕ್ಕಿನ ನಟ್ಟನಡುವೆ, ಚಿನ್ನದ ಬಣ್ಣದ ಪಿನ್ನು ನಿಂತಿರಬೇಕು. ಅದು ಎದುರಿನ ಕನೆಕ್ಟರಿನ ತೂತಿನೊಳಗೆ ಹೋಗಿ ಕೂತರೆ ಮಾತ್ರ ರೇಡಿಯೋದ ಶಕ್ತಿ ಆಂಟೆನಾಗೆ ತಲುಪುವುದು. ಪಿನ್ನು ಇತ್ತು. ಆದರೆ ಗಿಡ್ಡವಾಗಿತ್ತು.

"ಎರಡು ಮಿಲಿಮೀಟರ್ ಕಮ್ಮಿ," ಎಂದಳು ಲೆನ್ಸಮ್ಮ. "ಹೊರಗಿನ ನಟ್ಟು ಪೂರ್ತಿ ಬಿಗಿಯಾಗುತ್ತೆ. ನೋಡೋರ ಕಣ್ಣಿಗೆ ಲಕ್ಷಣವಾಗಿದೆ. ಒಳಗೆ ಪಿನ್ನು ತೂತಿಗೆ ಮುಟ್ಟೋದೇ ಇಲ್ಲ. ಗೋಪುರದ ಚಾವಣಿ ಮೇಲಿನ ಆಂಟೆನಾ ಬುಡದಿಂದ ನಿನ್ನೆ ನಾನೇ ಬಿಚ್ಚಿಕೊಂಡು ಬಂದೆ."

ಮೆಕ್ಯಾನಿಕ್ ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಪೂರ್ತಿ ಕೆಟ್ಟಿದ್ರೆ ವಾಸಿ ಇತ್ತು ಕಣೋ. ಕಂಟ್ರೋಲ್ ರೂಮಿನ ರೇಡಿಯೋ ದೊಡ್ಡದು. ಅದರ ದನಿ ಮುಚ್ಚಿದ ಬಾಗಿಲ ಸಂದೀಲೂ ಒಳಗೆ ನುಗ್ಗುತ್ತೆ. ಒಳಗಿರೋನ ದನಿ ಮಾತ್ರ ಹೊರಗೆ ಹೋಗಲ್ಲ. ಅವನಿಗೆ ಎಲ್ಲಾ ಕೇಳಿಸ್ತಿತ್ತು. ಬೆಳಗ್ಗೆ ಕರೆದದ್ದು, ಸಂಜೆ ಕರೆದದ್ದು, ಎಲ್ಲಾನೂ. ಅವನು ಕೂಗಿದ್ದು ಯಾರಿಗೂ ಕೇಳಿಸ್ಲಿಲ್ಲ."

ಮೆಕ್ಯಾನಿಕ್ ಸ್ಟೂಲಿನ ಮೇಲೆ ಕೂತಿದ್ದವನು ಇನ್ನೂ ಕುಸಿದ. ಎರಡು ಕೈಗಳಿಂದ ಮುಖ ಉಜ್ಜಿಕೊಂಡ.

"ಬೇಕಂತಲೇ ಮಾಡ್ದೆ ಅಕ್ಕ," ಎಂದ.

ಲೆನ್ಸಮ್ಮ ಇದಕ್ಕೇ ಬಂದಿದ್ದಳು. ಆದರೂ ಆ ಮಾತು ಕಿವಿಗೆ ಬಿದ್ದಾಗ, ತಾನು ತಿಳಿದದ್ದು ತಪ್ಪಾಗಿರಲಿ ಎಂದು ಒಳಗೊಳಗೇ ಆಸೆಪಟ್ಟಿದ್ದೆನೆಂದು ಅವಳಿಗೆ ಗೊತ್ತಾಯಿತು.

"ಯಾಕೆ?"

"ಕಂಟ್ರೋಲ್ ರೂಮಲ್ಲಿ ರೇಡಿಯೋ ನೋಡ್ಕೊಳ್ಳೋ ಆಕೆ ಕೇಳ್ಕೊಂಡ್ಳು. ಗೋಪುರದೋನು ದಿನಕ್ಕೆ ನಾಲ್ಕು ಗಂಟೆ ಮಾತಾಡ್ತಿದ್ದ. ಮೋಡ ಹೆಂಗಿದೆ, ಮೊಲ ಎಲ್ಲಿ ಮರಿ ಹಾಕ್ತು, ರಾತ್ರಿ ಕನಸಲ್ಲಿ ಯಾರು ಬಂದ್ರು... ಬೆರಳು ಕೊಟ್ರೆ ಹಸ್ತ ನುಂಗ್ತಿದ್ದ. ಒಂದು 'ಹೂಂ' ಅಂದ್ರೆ ಮುಗೀತು, ಇನ್ನೊಂದು ಗಂಟೆ."

"ಗೊತ್ತು."

"ಹೋದ ಬೇಸಿಗೇಲಿ ಬೆಂಕಿ ಬಿತ್ತಲ್ಲ, ಆಗ್ಲೂ ಚಾನೆಲ್ ಬಿಡ್ಲಿಲ್ಲ. ಬೆಂಕಿ ನಂದಿಸೋ ಟ್ರಕ್ಕಿನವರು ಕೂಗ್ತಾನೇ ಇದ್ರು, ಇವನ ಮಾತಿನಡಿ ಅವರ ಕರೆ ಒಳಗೇ ಬರ್ಲಿಲ್ಲ. ಆ ಟ್ರಕ್ಕಿನಲ್ಲಿ ಆಕೆ ತಮ್ಮ ಇದ್ದ. ಎರಡೂ ಕೈ ಸುಟ್ಟು ಹೋಯ್ತು. ಈಗಲೂ ಆಕೇನೇ ಅವನಿಗೆ ಊಟ ಮಾಡಿಸ್ತಾಳೆ." ಅವನು ಐರನ್ನಿನ ಸ್ವಿಚ್ ಆರಿಸಿದ. "ಮಳೆ ಬಿದ್ದಿದೆ, ಕಾಡು ಒದ್ದೆ, ಬೆಂಕಿಯ ಮಾತೇ ಇಲ್ಲ. ಒಂದೇ ಒಂದು ವಾರ ಆ ದನಿಯಿಂದ ಬಿಡುಗಡೆ ಕೊಡು ಅಂತ ಕೈ ಮುಗಿದಳು. ಹೇಗೂ ಕೇಬಲ್ ಬದಲಾಯಿಸೋದಿತ್ತು. ಆ ಸೋಮವಾರ ಮೇಲೆ ಹತ್ತಿ, ಪಿನ್ನನ್ನ ಒಳಕ್ಕೆ ತಳ್ಳಿ ಬೆಸೆದಿದ್ದ ಕನೆಕ್ಟರ್ ಹಾಕಿ ಬಂದೆ."

ವರ್ಕ್‌ಶಾಪಿನಲ್ಲಿ ಲೆನ್ಸಮ್ಮನ ತಲೆಯ ಮೇಲೂ ಒಂದು ಸ್ಪೀಕರ್ ಇತ್ತು. ಸಂಜೆಯ ಹೊತ್ತು ಅದರಲ್ಲಿ ಗೋಪುರದವನ ದನಿ ಬರುತ್ತಿತ್ತು: "ವರ್ಕ್‌ಶಾಪಿನಲ್ಲಿ ಯಾರಾದ್ರೂ ಇದೀರಾ? ಸುಮ್ನೆ ಕೇಳ್ದೆ." ಅವಳೂ ಒಂಟಿ, ಅವನೂ ಒಂಟಿ. ಆದರೂ ಅವಳು ಒಂದು ದಿನವೂ ಉತ್ತರ ಕೊಟ್ಟಿರಲಿಲ್ಲ. ಕೈ ಚಾಚಿ ದನಿಯ ಗುಂಡಿಯನ್ನು ಕೆಳಗೆ ತಿರುಗಿಸುತ್ತಿದ್ದಳು, ಅಷ್ಟೇ.

"ಆದ್ರೆ ಒಂದು ವಿಷಯ ಇದೆ ಅಕ್ಕ," ಎಂದ ಮೆಕ್ಯಾನಿಕ್. "ನೀವು ತಂದಿರೋದು ಆ ಕನೆಕ್ಟರ್ ಅಲ್ಲ."

"ಏನಂದೆ?"

ಅವನು ಎದ್ದು, ಮೂಲೆಯ ಡ್ರಾಯರಿನ ತಳದಲ್ಲಿ ತಡಕಾಡಿದ. ಹಳೆಯ ಮಾತ್ರೆ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದ. ಠಣ್ ಎಂದು ಒಂದು ಕನೆಕ್ಟರ್ ಉರುಳಿತು. ಅದೇ ಗಾತ್ರ, ಅದೇ ಬೆಳ್ಳಿ ಲೇಪ.

"ನಾನು ಸೋಮವಾರ ಹಾಕಿದ್ದು ಇದು. ಮೂರು ದಿನ ನಿದ್ದೆ ಬರ್ಲಿಲ್ಲ. ಗುರುವಾರ ಬೆಳಗ್ಗೆ ಮತ್ತೆ ಹತ್ತಿ ಇದನ್ನ ಬಿಚ್ಚಿ, ಹೊಸದು ಹಾಕ್ದೆ. ಹೊಸದರ ಪಿನ್ನು ಸರಿ ಇತ್ತು. ಕಂಟ್ರೋಲ್ ರೂಮನ್ನ ಕರೆದೆ, ಆಕೆ 'ಕೇಳಿಸ್ತಿದೆ' ಅಂದ್ಳು. ಬೇಕಾದ್ರೆ ಆಕೆಯನ್ನೇ ಕೇಳಿ."

ಲೆನ್ಸಮ್ಮ ಎರಡನ್ನೂ ಅಕ್ಕಪಕ್ಕ ಇಟ್ಟಳು. ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ಬಾಗಿಲ ಬಿಸಿಲಿನ ಕಡೆ ತಿರುಗಿದಳು.

ಡಬ್ಬಿಯ ಕನೆಕ್ಟರಿನಲ್ಲಿ ಪಿನ್ನು ಒಳಕ್ಕೆ ಸರಿದಿತ್ತು. ತುದಿ ಮಾತ್ರ ಪೆನ್ಸಿಲ್ಲಿನಂತೆ ಚೂಪಾಗಿ, ಚಿನ್ನದ ಲೇಪ ಹಾಗೇ ಇತ್ತು. ಗೋಪುರದಿಂದ ತಂದದ್ದರಲ್ಲಿ ಚೂಪೇ ಇರಲಿಲ್ಲ. ತುದಿ ಮೊಂಡು. ಮೊಂಡಾದ ಜಾಗದಲ್ಲಿ ಚಿನ್ನದ ಬಣ್ಣ ಹೋಗಿ ಒಳಗಿನ ಹಿತ್ತಾಳೆ ಹೊಳೆಯುತ್ತಿತ್ತು, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಒಂದು ಏಣು, ಉಬ್ಬುಗೆರೆ.

ಇದನ್ನು ಯಾರೂ ಗಿಡ್ಡ ಮಾಡಿ ಕೂರಿಸಿರಲಿಲ್ಲ. ಕೂರಿಸಿದ ಮೇಲೆ ಕಟ್ಟರಿನಿಂದ ಕತ್ತರಿಸಿದ್ದರು.

ನಿನ್ನೆ ಅವಳು ಮೊದಲು ನೋಡಿದ್ದು ಹಿಂದಿನ ಜಾಲರಿಯನ್ನು. ತನ್ನದೇ ಪಾಠ ಅಲ್ಲಿ ಕಂಡಿತು, ಸಿಟ್ಟು ನೆತ್ತಿಗೇರಿತು. ಆಮೇಲೆ ಅವಳು ಮುಂದಿನ ಬಾಯನ್ನು ಅಳೆದಳೇ ಹೊರತು ನೋಡಲೇ ಇಲ್ಲ.

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ," ಎಂದಳು. "ನಂಗೆ ಭೂತಗನ್ನಡಿ ಇದ್ದೂ ಕಾಣ್ಲಿಲ್ಲ. ಎಲ್ಲಿ, ನಿನ್ನ ಕಟ್ಟರ್‌ಗಳನ್ನ ತೆಗಿ."

ಅವನ ಬಳಿ ಐದು ಕಟ್ಟರ್ ಇದ್ದವು. ಒಂದೊಂದರಲ್ಲೂ ತಾಮ್ರದ ತಂತಿ ಕತ್ತರಿಸಿ, ತುದಿಯನ್ನು ಗಾಜಿನಡಿ ಹಿಡಿದು ನೋಡಿದಳು. ಕಟ್ಟರಿನ ಹಲ್ಲಿನಲ್ಲಿ ಚೂರು ಮುರಿದಿದ್ದರೆ, ಅದು ಕತ್ತರಿಸಿದ್ದರ ಮೇಲೆಲ್ಲ ಅದೇ ಜಾಗದಲ್ಲಿ ಅದೇ ಏಣು ಉಳಿಯುತ್ತದೆ. ಐದೂ ಹಲ್ಲು ಸಾಫಾಗಿದ್ದವು. ಹಲ್ಲು ಮುರಿದ ಕಟ್ಟರನ್ನು ಮೇಜಿನ ಮೇಲೆ ಇಟ್ಟುಕೊಳ್ಳಬಾರದು ಎನ್ನುವುದೂ ಅವಳೇ ಕಲಿಸಿದ್ದು.

"ಗುರುವಾರ ಅವನು ಹೇಗಿದ್ದ?" ಕೇಳಿದಳು.

ಮೆಕ್ಯಾನಿಕ್ ತಲೆ ತಗ್ಗಿಸಿದ. "ಮೂರು ದಿನದಿಂದ ಯಾರಿಗೂ ಏನೂ ಕೇಳಿಸ್ತಿಲ್ಲ ಅಂತ ಗಾಬರಿಯಾಗಿದ್ದ. ನನ್ನ ನೋಡಿ ಕುಣಿದುಬಿಟ್ಟ. ಚಹಾ ಮಾಡಿಕೊಟ್ಟ. ಆ ಲೋಟ ಕೈಯಲ್ಲಿ ಹಿಡಿದಾಗ ತಡೆಯೋಕಾಗ್ಲಿಲ್ಲ. ಎಲ್ಲಾ ಹೇಳಿಬಿಟ್ಟೆ."

"ಎಲ್ಲಾ ಅಂದ್ರೆ?"

"ಯಾಕೆ ಮಾಡಿದ್ದು, ಯಾರು ಹೇಳಿದ್ದು, ಎಲ್ಲಾನೂ. ಬೈತಾನೆ, ಹೊಡೀತಾನೆ ಅನ್ಕೊಂಡಿದ್ದೆ. ಸುಮ್ನೆ ಕೂತ. ಆಮೇಲೆ 'ನಾನು ಮಾತಾಡೋದು ಅಷ್ಟೊಂದು ಬೇಜಾರಾ?' ಅಂತ ಕೇಳ್ದ. ನಾನು ಏನು ಹೇಳ್ಲಿ?"

"ಏನು ಹೇಳ್ದೆ?"

"ಚಹಾ ಚೆನ್ನಾಗಿದೆ ಅಂದೆ."

ಲೆನ್ಸಮ್ಮ ಕಟ್ಟರ್‌ಗಳನ್ನು ಅವನ ಕಡೆ ತಳ್ಳಿದಳು.

"ಹೊರಡುವಾಗ ಒಂದು ಮಾತು ಹೇಳ್ದ," ಎಂದ ಮೆಕ್ಯಾನಿಕ್. "ಪಶ್ಚಿಮದ ಕಣಿವೇಲಿ ದಿನಾ ಹೊಗೆ ಏಳ್ತಿದೆಯಂತೆ. ಕಾಡ್ಗಿಚ್ಚಿನ ಹೊಗೆ ಜಾಗ ಬದಲಾಯಿಸುತ್ತೆ, ಇದು ಬದಲಾಯಿಸ್ತಿಲ್ಲ, ಯಾರೋ ಒಲೆ ಹೂಡಿದ ಹಾಗಿದೆ ಅಂದ. ರೇಡಿಯೋದಲ್ಲಿ ಹೇಳಲ್ಲ, ಇನ್ನು ನಾನು ರೇಡಿಯೋದಲ್ಲಿ ಏನೂ ಹೇಳಲ್ಲ, ಸಾಹೇಬರನ್ನೇ ಮೇಲೆ ಬರೋಕೆ ಹೇಳು ಅಂದ."

"ಹೇಳಿದ್ಯಾ?"

"ಶುಕ್ರವಾರ ಬೆಳಗ್ಗೇನೇ ಹೇಳ್ದೆ. 'ನೋಡೋಣ ಬಿಡು' ಅಂದ್ರು. ಆಮೇಲೆ ಅವನಿಂದ ಕರೆ ಬರ್ಲಿಲ್ಲ. ಕೋಪ ಮಾಡ್ಕೊಂಡಿದಾನೆ ಅಂತಲೇ ನಾವೆಲ್ಲ ಅನ್ಕೊಂಡ್ವಿ. ಆಕೇನೂ ಹಾಗೇ ಅನ್ಕೊಂಡ್ಳು. ಮುಂದಿನ ಗುರುವಾರ ಸಾಮಾನು ಹೊತ್ತುಕೊಂಡು ಹೋದವನು ಓಡಿ ಬಂದ ಮೇಲೇ ಗೊತ್ತಾಯ್ತು."

ಲೆನ್ಸಮ್ಮ ಎರಡೂ ಕನೆಕ್ಟರ್‌ಗಳನ್ನು ಕರವಸ್ತ್ರಕ್ಕೆ ಹಾಕಿ ಗಂಟು ಬಿಗಿದಳು.

"ಎಲ್ಲಿಗೆ ಅಕ್ಕ?"

"ಅವನ ತಂಗಿ ಮನೆಗೆ. ಗೋಪುರದ ಸಾಮಾನೆಲ್ಲ ಅಲ್ಲಿದೆ."

"ನಾನೂ ಬರ್ಲಾ?"

ಅವಳು ಅವನ ಮುಖ ನೋಡಿದಳು. ನಾಲ್ಕು ವರ್ಷದ ಹಿಂದಾಗಿದ್ದರೆ 'ಬಾ' ಎನ್ನುತ್ತಿದ್ದಳು.

"ಬೇಡ," ಎಂದು ಬಿಸಿಲಿಗಿಳಿದಳು.

*

ಕಾವಲುಗಾರನ ತಂಗಿ ದರ್ಜಿ. ಎರಡನೇ ಮಹಡಿಯಲ್ಲಿ ಒಂದೇ ಕೋಣೆ. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಇನ್ನೂ ತೋಳಿಲ್ಲದ ಅಂಗಿಗಳು. ಮಂಚದ ಕೆಳಗಿನಿಂದ ಅವಳು ಅಣ್ಣನ ತಗಡಿನ ಪೆಟ್ಟಿಗೆಯನ್ನು ಎಳೆದು ಕೊಟ್ಟಳು.

"ನಾನು ತೆಗೆದೇ ಇಲ್ಲ ಲೆನ್ಸಮ್ಮನೋರೇ. ಇಲಾಖೆಯವರು ತಂದಿಟ್ಟ ಹಾಗೇ ಇದೆ. ನೀವೇ ನೋಡಿ. ನಾನು ಗುಂಡಿ ಹೊಲೀತಿರ್ತೀನಿ."

ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆ, ದುರ್ಬೀನು, ಟಾರ್ಚು, ಹಲ್ಲು ಹೋದ ಬಾಚಣಿಗೆ. ತಳದಲ್ಲಿ ಚರ್ಮದ ಚೀಲ: ಒಂದು ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್, ಹಳದಿ ಹಿಡಿಯ ಒಂದು ಕಟ್ಟರ್.

ಲೆನ್ಸಮ್ಮ ಜೇಬಿನಿಂದ ತಾಮ್ರದ ತಂತಿ ತೆಗೆದು ಒಮ್ಮೆ ಕತ್ತರಿಸಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಮೊಂಡು ಪಿನ್ನನ್ನು ಪಕ್ಕಕ್ಕೆ ತಂದಳು.

ಅದೇ ಏಣು. ಅದೇ ಜಾಗದಲ್ಲಿ, ಅದೇ ಓರೆಯಲ್ಲಿ.

ಮತ್ತೆ ಕತ್ತರಿಸಿದಳು. ಮತ್ತೆ ಅದೇ.

ಅವಳು ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತುಬಿಟ್ಟಳು. ಗುರುವಾರ ಸಂಜೆ ಕಣ್ಣೆದುರು ಬಂತು. ಚಹಾದ ಲೋಟಗಳನ್ನು ತೊಳೆದು ಬೋರಲು ಹಾಕುತ್ತಾನೆ. ಇಷ್ಟು ವರ್ಷ ತಾನು ಆಡಿದ್ದನ್ನೆಲ್ಲ ಕೆಳಗಿನವರು ಹೇಗೆ ಕೇಳುತ್ತಿದ್ದರೆಂದು ಒಂದೊಂದಾಗಿ ನೆನೆಯುತ್ತಾನೆ. ಆಮೇಲೆ ಕಟ್ಟರ್ ಹಿಡಿದು ಚಾವಣಿ ಹತ್ತುತ್ತಾನೆ. ನನ್ನ ಮಾತು ಬೇಡವಾದರೆ ಬೇಡ. ಕಟ್.

ಹಾಗಿದ್ದರೆ ಕೊಲೆಗಾರ ಯಾರೂ ಇಲ್ಲ. ದನಿಯ ಗುಂಡಿ ಕೆಳಗೆ ತಿರುಗಿಸಿದವರು ಮಾತ್ರ ಇದ್ದಾರೆ.

ಹೊಲಿಗೆಯ ದಾರ ಹಲ್ಲಿನಿಂದ ಕಡಿದು ತಂಗಿ ಇತ್ತ ತಿರುಗಿದಳು. "ಒಂದು ಕೇಳ್ಲಾ? ನೀವು ನಿಜಾನೇ ಹೇಳ್ಬೇಕು."

"ಕೇಳಮ್ಮ."

"ಅವನು ಸುಮ್ನಾಗಿದ್ದ ಆ ಭಾನುವಾರ ನಾನು ಕಂಟ್ರೋಲ್ ರೂಮಿಗೆ ಹೋಗಿದ್ದೆ. ಪ್ರತಿ ಭಾನುವಾರ ಹೋಗಿ ಎರಡು ಮಾತಾಡ್ತಿದ್ದೆ, ಆ ಅಕ್ಕನೇ ಮೈಕ್ ಕೊಡ್ತಿದ್ರು. ಅವತ್ತು ಇವನು ಉತ್ತರಾನೇ ಕೊಡ್ಲಿಲ್ಲ. ಕೋಪ ಬಂತು. ಬೈದೆ." ಅವಳ ಬೆರಳು ಸೂಜಿಯನ್ನು ಅಂಗಿಗೆ ಚುಚ್ಚಿ, ತೆಗೆದು, ಮತ್ತೆ ಚುಚ್ಚಿತು. "'ಐವತ್ತು ವರ್ಷದ ಗಂಡಸು, ಮಗು ಹಂಗೆ ಮುನಿಸಿಕೊಂಡು ಕೂತಿದೀಯ, ಹಾಗೇ ಕೂತಿರು, ಇನ್ನು ನಾನೂ ಕರೆಯಲ್ಲ' ಅಂದೆ. ಅದು ಅವನಿಗೆ ಕೇಳಿಸ್ತಾ?"

ಡಾಕ್ಟರು ಹೇಳಿದ ಲೆಕ್ಕದಂತೆ ಅವನು ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡದ್ದು ಶನಿವಾರ. ಭಾನುವಾರ ಹೊತ್ತಿಗೆ ತೆವಳಿಕೊಂಡು ರೇಡಿಯೋದ ಬಳಿ ಬಂದಿದ್ದ. ಚಾವಣಿ ಹತ್ತುವುದು ಅವನಿಂದಾಗುತ್ತಿರಲಿಲ್ಲ.

ಇಲ್ಲ ಎಂದರೆ ಮುಗಿಯುತ್ತಿತ್ತು. ಎರಡೇ ಅಕ್ಷರ. ಆದರೆ ತಂಗಿ ನಿಜವನ್ನೇ ಕೇಳಿದ್ದಳು. ಅದನ್ನು ತಿಳಿಯಲಿಕ್ಕೆಂದೇ ಇಷ್ಟು ದಿನದಿಂದ ಊರೆಲ್ಲ ಅಲೆದವಳು ಅವಳು.

"ಕೇಳಿಸಿತ್ತಮ್ಮ," ಎಂದಳು ಲೆನ್ಸಮ್ಮ.

ತಂಗಿ ಅಳಲಿಲ್ಲ. ತೋಳಿಲ್ಲದ ಅಂಗಿಯನ್ನು ಮಡಿಲಲ್ಲಿ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

"ಅವನು ಉತ್ತರ ಹೇಳಿರ್ತಾನೆ," ಎಂದಳು. "ನಾನು ಬೈದ್ರೆ ಅವನು ಸುಮ್ನಿರೋನಲ್ಲ. ಏನೋ ಒಂದು ಹೇಳೇ ಇರ್ತಾನೆ."

"ಹೌದು. ಮೈಕ್ ಅವನ ಕೈಯಲ್ಲೇ ಇತ್ತಲ್ಲ."

ತನ್ನ ಬಾಯಿಂದ ಆ ಮಾತು ಹೊರಬಿದ್ದ ಕ್ಷಣ ಲೆನ್ಸಮ್ಮ ಬೆಚ್ಚಿದಳು.

ಮೈಕ್ ಕೈಯಲ್ಲಿತ್ತು. ಸಾಯುವ ತನಕ ಅವನು ಅದರ ಗುಂಡಿ ಒತ್ತಿ ಕೂಗಿದ್ದ. ಪಿನ್ನನ್ನು ತಾನೇ ಕತ್ತರಿಸಿದವನಿಗೆ ಆ ಮೈಕು ಸತ್ತಿದೆ ಎಂದು ಗೊತ್ತಿರಬೇಕಲ್ಲ? ಸತ್ತ ಮೈಕಿಗಾಗಿ ಮುರಿದ ಕಾಲು ಎಳೆದುಕೊಂಡು ಅಷ್ಟು ಮೆಟ್ಟಿಲು ಯಾರು ಹತ್ತುತ್ತಾರೆ? ಅವನ ರೇಡಿಯೋ ಸರಿಯಾಗಿದೆ ಎಂದೇ ಅವನು ನಂಬಿದ್ದ. ಗುರುವಾರ ಮೆಕ್ಯಾನಿಕ್ ಬಂದು ಸರಿಮಾಡಿ ಹೋಗಿದ್ದನಲ್ಲ.

ಅವಳು ಹಳದಿ ಹಿಡಿಯ ಕಟ್ಟರನ್ನು ಎತ್ತಿದಳು. "ಇದು ನಿಮ್ಮಣ್ಣಂದೇನಾ?"

ತಂಗಿ ಅಲ್ಲಿಂದಲೇ ನೋಡಿ ತಲೆ ಅಲ್ಲಾಡಿಸಿದಳು. "ಅಲ್ಲ."

"ಸರಿಯಾಗಿ ನೋಡು. ಅವನ ಚೀಲದಲ್ಲೇ ಇತ್ತು."

"ಅವನ ಕಟ್ಟರ್ ಇಲ್ಲೇ ಇದೆ." ಅವಳು ಹೊಲಿಗೆ ಯಂತ್ರದ ಡ್ರಾಯರ್ ಎಳೆದು, ಹಿಡಿಗೆ ಬಟ್ಟೆ ಸುತ್ತಿದ ಹಳೆಯ ಕಟ್ಟರೊಂದನ್ನು ತೆಗೆದಳು. "ಹೋದ ವರ್ಷ ಯಂತ್ರದ ಸೂಜಿ ಮುರಿದು ಸಿಕ್ಕಿಹಾಕಿಕೊಂಡಾಗ ಬಿಟ್ಟುಹೋದ. ನಂಗೆ ಅಲ್ಲಿ ಬೇಕಾಗಲ್ಲ, ನಿಂಗೇ ಇರ್ಲಿ ಅಂದ. ಆ ಹಳದೀದು ಯಾರದ್ದೋ ಇದರಲ್ಲಿ ಸೇರ್ಕೊಂಡು ಬಂದಿದೆ." ಒಂದು ಕ್ಷಣ ಯೋಚಿಸಿದಳು. "ಓ, ಅದಕ್ಕೇ ಇರ್ಬೇಕು."

"ಏನು ಅದಕ್ಕೇ?"

"ನಿನ್ನೆ ನಾನು ಅಳತೆ ತಗೊಳ್ಳೋಕೆ ಹೋಗಿದ್ದಾಗ ಇಲಾಖೆಯಿಂದ ಯಾರೋ ಬಂದಿದ್ರಂತೆ. ಗೋಪುರದ ಮೇಲೆ ಬಿದ್ದಿದ್ದನ್ನೆಲ್ಲ ಹುಡುಗರು ಒಟ್ಟಿಗೆ ತುಂಬಿಬಿಟ್ಟಿದಾರೆ, ಅದರಲ್ಲಿ ಇಲಾಖೆ ಸಾಮಾನೊಂದು ಸೇರಿಹೋಗಿದೆ, ಪೆಟ್ಟಿಗೆ ಮುಟ್ಟಬೇಡಿ, ಬಂದು ತಗೊಂಡು ಹೋಗ್ತೀನಿ ಅಂತ ಕೆಳಗಿನ ಮನೆ ಅಜ್ಜಿ ಹತ್ರ ಹೇಳಿ ಹೋಗಿದಾರೆ."

"ಯಾರು? ಹೆಸರು ಹೇಳಿದ್ರಾ?"

"ಅಜ್ಜಿಗೆ ಕಿವಿ ಮಂದ. ದೊಡ್ಡ ಮನುಷ್ಯರ ಥರ ಇದ್ರು ಅಂದ್ಳು. ಇವತ್ತು ಆರು ಗಂಟೆಗೆ ಬರ್ತಾರಂತೆ."

ಲೆನ್ಸಮ್ಮ ಗೋಡೆ ಗಡಿಯಾರ ನೋಡಿದಳು. ಐದೂವರೆ ಆಗಿತ್ತು, ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಅರ್ಧ ಗಂಟೆ ಸಾಕು. ಕಟ್ಟರನ್ನೂ ಕನೆಕ್ಟರನ್ನೂ ತಗೊಂಡು ಮೊದಲು ಇಲ್ಲಿಂದ ಹೊರಡಬೇಕು. ಬರುವವನು ಯಾರೆಂದು ಎದುರುಬದಿಯ ಅಂಗಡಿಯಲ್ಲಿ ನಿಂತು ನೋಡಿದರಾಯಿತು.

"ನೀನೂ ಹೊರಡಮ್ಮ. ಬಾಗಿಲಿಗೆ ಬೀಗ ಹಾಕು. ಯಾಕೆ ಅಂತ ದಾರೀಲಿ ಹೇಳ್ತೀನಿ."

ತಂಗಿ ಎದ್ದು ಚಪ್ಪಲಿ ಹುಡುಕತೊಡಗಿದಳು. ಅಷ್ಟರಲ್ಲಿ ಕೆಳಗೆ ಮರದ ಮೆಟ್ಟಿಲು ಕಿರುಗುಟ್ಟಿತು.

ಅವಸರವಿಲ್ಲದ ಹೆಜ್ಜೆ. ಮೊದಲ ಮಹಡಿಯಲ್ಲಿ ನಿಲ್ಲದೆ ಮೇಲಕ್ಕೇ ಬರುತ್ತಿತ್ತು. ಬಾಗಿಲ ಆಚೆ ಬಂದು ನಿಂತಿತು. ಒಂದು ಸಲ, ಎರಡು ಸಲ, ಯಾರೋ ಮೆಲ್ಲಗೆ ತಟ್ಟಿದರು.

"ಬಾಗಿಲು ತೆಗೀಮ್ಮ. ಆರಕ್ಕೆ ಅಂದಿದ್ದೆ, ಸ್ವಲ್ಪ ಬೇಗ ಬಂದುಬಿಟ್ಟೆ."

ಆ ದನಿಯನ್ನು ಲೆನ್ಸಮ್ಮ ಇಪ್ಪತ್ತೆರಡು ವರ್ಷ ಕೇಳಿದ್ದಳು. ವರ್ಕ್‌ಶಾಪಿನಲ್ಲಿ ಅವಳ ರಜೆಯ ಚೀಟಿಗೆ ಸಹಿ ಹಾಕುತ್ತಿದ್ದವರ ದನಿ. ಕಡತದ ಮೇಲೆ 'ಅಪಘಾತ' ಎಂದು ಬರೆದವರ ದನಿ.

ತಂಗಿ ಬಾಗಿಲ ಕಡೆ ಹೆಜ್ಜೆ ಇಟ್ಟಳು. ಲೆನ್ಸಮ್ಮ ಅವಳ ಮುಂಗೈ ಹಿಡಿದು ತಡೆದು, ತುಟಿಯ ಮೇಲೆ ಬೆರಳಿಟ್ಟಳು. ಕೋಣೆಯಲ್ಲಿ ಯಾರೂ ಇಲ್ಲವೆಂದುಕೊಂಡು ಹೋಗಲಿ. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು.

ಬಾಗಿಲಾಚೆಯ ಸಾಹೇಬರು ಸಣ್ಣಗೆ ನಕ್ಕರು.

"ಲೆನ್ಸಮ್ಮ, ನೀವೂ ಒಳಗಿದೀರಿ ಅಂತ ಗೊತ್ತು. ಆ ಮೊಂಡು ಪಿನ್ನನ್ನೂ ಜೊತೇಲೇ ತನ್ನಿ."

ಲೆನ್ಸಮ್ಮ ಕರವಸ್ತ್ರದ ಗಂಟನ್ನು ಮುಷ್ಟಿಯಲ್ಲಿ ಅಡಗಿಸಿದಳು. ಪಿನ್ನು ಹಿಡಿದುಕೊಂಡು ತಾನು ಇಲ್ಲಿಗೇ ಬರುತ್ತಿದ್ದೇನೆಂದು ಅವಳು ಹೇಳಿದ್ದು ಇವತ್ತು ಮಧ್ಯಾಹ್ನ. ಆಗ ಅವಳ ಜೊತೆ ಇದ್ದವನು ಒಬ್ಬನೇ.